ವೇಗಕ್ಕೊಂದು ಅಂಗಳ

ಹೊಸ ಕಾರು ಮನೆಗೆ ಬಂದರೆ ಕರ್ನಾಟಕದ ಊರುಗಳಲ್ಲಿ ಮೊದಲು ನಡೆಯುವುದು ಪೂಜೆ. ಬಾನೆಟ್ಟಿಗೆ ಕುಂಕುಮ, ಕನ್ನಡಿಗೆ ಹೂವಿನ ಹಾರ, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಆ ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆ ಚಕ್ರದ ಕೆಳಗೆ ಇನ್ನೊಮ್ಮೆ ಬಗ್ಗಿ ನೋಡುವವರು ಕಡಿಮೆ. ಗಾಳಿ ಇದೆಯೇ, ಪೆಟ್ರೋಲು ಇದೆಯೇ, ಬ್ರೇಕು ಹಿಡಿಯುತ್ತದೆಯೇ, ಇಷ್ಟು ನೋಡಿಕೊಂಡರೆ ಮುಗಿಯಿತು. ಅದರಲ್ಲಿ ತಪ್ಪೇನಿಲ್ಲ. ಊರಿಗೆ ಹೋಗಿ ಬರಲು ಅಷ್ಟು ಸಾಕು.

ಅಮೆರಿಕದಲ್ಲಿ ಒಂದು ಬಗೆಯ ಕಾರುಪ್ರಿಯರಿದ್ದಾರೆ. ಅವರಿಗೆ ಅಷ್ಟು ಸಾಲದು. ಕಾರ್ಖಾನೆಯಿಂದ ಸುಸ್ಥಿತಿಯಲ್ಲಿ ಬಂದ ಕಾರನ್ನು ಜಾಕಿನ ಮೇಲೆತ್ತಿ, ಚಕ್ರ ಬಿಚ್ಚಿ, ಅಳತೆಪಟ್ಟಿ ಹಿಡಿದು ಅದರಡಿಯಲ್ಲಿ ಮಲಗುತ್ತಾರೆ. ಚಕ್ರವನ್ನು ಒಂದು ಡಿಗ್ರಿ ಒಳಕ್ಕೆ ವಾಲಿಸುತ್ತಾರೆ, ಸ್ಪ್ರಿಂಗನ್ನು ಕೂದಲೆಳೆಯಷ್ಟು ಮೇಲಕ್ಕೋ ಕೆಳಕ್ಕೋ ಸರಿಸುತ್ತಾರೆ, ಬ್ರೇಕಿನ ದ್ರವವನ್ನು ಪೂರ್ತಿ ಹೊರಹಾಕಿ ಹೊಸದು ತುಂಬುತ್ತಾರೆ. ಇವರು ವೃತ್ತಿಯಿಂದ ರೇಸ್ ಚಾಲಕರಲ್ಲ. ಹಲ್ಲಿನ ವೈದ್ಯರು, ಲೆಕ್ಕಪತ್ರದವರು, ಎಂಜಿನಿಯರುಗಳು, ಮೇಷ್ಟ್ರುಗಳು, ಪಿಂಚಣಿದಾರರು. ಅವರಲ್ಲಿ ಹೆಂಗಸರೂ ಇದ್ದಾರೆ. ಪೋರ್ಷೆ, ಕಾರ್ವೆಟ್ಟಿನಂಥ ದುಬಾರಿ ಕಾರಿನವರ ಪಕ್ಕದಲ್ಲೇ, 1989ರಲ್ಲಿ ಬಂದ ಮಜ್ದಾ ಮಿಯಾಟಾ ಎಂಬ ಪುಟ್ಟ ಎರಡು ಆಸನದ ಕಾರಿನವರೂ ಇರುತ್ತಾರೆ. ವರ್ಷಕ್ಕೆ ಕೆಲವು ದಿನ, ಶುಲ್ಕ ಕಟ್ಟಿ, ರೇಸ್ ನಡೆಯುವ ಟ್ರ್ಯಾಕಿನಲ್ಲಿ ತಮ್ಮ ಕಾರನ್ನು ತಾವೇ ಓಡಿಸಿ ಬರುತ್ತಾರೆ.

ಇದೊಂದು ಸಿರಿವಂತರ ಹುಚ್ಚು ಎಂದು ಕೈಕೊಡವಿ ಬಿಡಬಹುದು. ಖರ್ಚಿನ ಹವ್ಯಾಸವೆಂಬುದೂ ನಿಜ. ಆದರೆ ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಅಲ್ಲಿ ಎರಡು ಸಂಗತಿಗಳು ಕಾಣುತ್ತವೆ. ಒಂದು, ಹೈಸ್ಕೂಲಿನ ಭೌತವಿಜ್ಞಾನದ ಪುಸ್ತಕ ಎದ್ದು ಓಡಾಡುತ್ತಿರುವುದು. ಇನ್ನೊಂದು, ವೇಗದ ಆಸೆಯನ್ನು ಬೀದಿಯಿಂದ ಎತ್ತಿ ಬೇಲಿ ಹಾಕಿದ ಅಂಗಳದಲ್ಲಿಡಲು ಒಂದು ಸಮಾಜ ತೆತ್ತ ಬೆಲೆ.

ಪರೀಕ್ಷೆ ಪಾಸಾದ ಮೇಲೆ ಪ್ರವೇಶ

ನ್ಯೂಯಾರ್ಕ್ ರಾಜ್ಯದಲ್ಲಿ ಸೆನೆಕಾ ಸರೋವರದ ದಕ್ಷಿಣ ತುದಿಗೆ ವಾಟ್ಕಿನ್ಸ್ ಗ್ಲೆನ್ ಎಂಬ ಸಣ್ಣ ಊರಿದೆ. ಊರಿನ ಮೇಲಣ ಗುಡ್ಡದಲ್ಲಿ ಸುಮಾರು ಐದೂವರೆ ಕಿಲೋಮೀಟರಿನ ರೇಸ್ ಟ್ರ್ಯಾಕು. 1961ರಿಂದ 1980ರವರೆಗೆ ಅಮೆರಿಕದ ಫಾರ್ಮುಲಾ ಒನ್ ಸ್ಪರ್ಧೆ ನಡೆದದ್ದು ಇಲ್ಲಿಯೇ. ಕಾರು ಕ್ಲಬ್ಬುಗಳು ಈ ಟ್ರ್ಯಾಕನ್ನು ಬಾಡಿಗೆಗೆ ಹಿಡಿದು ತಮ್ಮ ಸದಸ್ಯರಿಗೆ ಚಾಲನಾ ಶಿಬಿರಗಳನ್ನು ನಡೆಸುತ್ತವೆ.

ಶಿಬಿರದ ಬೆಳಿಗ್ಗೆ ಯಾರೂ ನೇರವಾಗಿ ಟ್ರ್ಯಾಕಿಗೆ ನುಗ್ಗುವಂತಿಲ್ಲ. ಮೊದಲು ತಪಾಸಣೆ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿ ಮಾಡಲಾಗಿದೆಯೇ? ಬ್ಯಾಟರಿ ಅಲುಗಾಡುತ್ತದೆಯೇ? ಬ್ರೇಕ್ ಪ್ಯಾಡು ಎಷ್ಟು ದಪ್ಪ ಉಳಿದಿದೆ? ಚಕ್ರವನ್ನು ಹಿಡಿದು ಅಲ್ಲಾಡಿಸಿದರೆ ಬೇರಿಂಗು ಸಡಿಲವೇ? ಆಮೇಲೆ ಕಾರಿನೊಳಗಿರುವ ಸಡಿಲ ವಸ್ತುಗಳೆಲ್ಲ ಹೊರಕ್ಕೆ. ನೀರಿನ ಬಾಟಲಿ, ಚಿಲ್ಲರೆ ಕಾಸು, ಕೊಡೆ, ಚಾಲಕನ ಕಾಲಡಿಯ ಮ್ಯಾಟು ಕೂಡ. ಜೋರಾಗಿ ಬ್ರೇಕು ಹಾಕಿದಾಗ ಹಿಂದಿನ ಸೀಟಿನ ಬಾಟಲಿಗೆ ಯಾರೂ ಬ್ರೇಕು ಹಾಕಿರುವುದಿಲ್ಲ. ಅದು ನ್ಯೂಟನ್ನನ ಮೊದಲನೆಯ ನಿಯಮವನ್ನು ಪಾಲಿಸಿ ಮುಂದಕ್ಕೆ ಉರುಳಿ ಪೆಡಲಿನ ಅಡಿ ಸಿಕ್ಕಿಕೊಂಡರೆ ಮುಂದಿನದು ಹೇಳಬೇಕಾಗಿಲ್ಲ.

ಹೊಸಬರ ಪಕ್ಕದಲ್ಲಿ ಒಬ್ಬ ಬೋಧಕ ಕೂರುತ್ತಾನೆ. ಎಲ್ಲೆಂದರಲ್ಲಿ ಹಿಂದಿಕ್ಕುವಂತಿಲ್ಲ. ಮುಂದಿನ ಕಾರಿನವನು ಕೈ ಹೊರಚಾಚಿ ಸನ್ನೆ ಮಾಡಿದರೆ ಮಾತ್ರ, ಅದೂ ಗೊತ್ತುಪಡಿಸಿದ ನೇರ ಹಾದಿಯಲ್ಲಿ. ಟ್ರ್ಯಾಕಿನ ಪಕ್ಕ ಬಾವುಟ ಹಿಡಿದವರು ನಿಂತಿರುತ್ತಾರೆ. ಹಳದಿ ಬಾವುಟ ಕಂಡರೆ ಎಚ್ಚರಿಕೆ, ಕಪ್ಪು ಬಾವುಟ ತೋರಿಸಿದರೆ ಒಳಗೆ ಬಂದು ಉತ್ತರ ಹೇಳಬೇಕು. ಬಹುಮಾನವಿಲ್ಲ, ಪದಕವಿಲ್ಲ. ಸುತ್ತಿಗೆ ಎಷ್ಟು ಸೆಕೆಂಡಾಯಿತೆಂದು ಲೆಕ್ಕ ಹಾಕುವುದನ್ನೇ ಹಲವು ಕ್ಲಬ್ಬುಗಳು ಇಂಥ ಶಿಬಿರಗಳಲ್ಲಿ ನಿಷೇಧಿಸಿವೆ. ಗಡಿಯಾರ ಕೈಗೆ ಬಂದರೆ ಕಲಿಯುವವನು ಸ್ಪರ್ಧಿಯಾಗಿಬಿಡುತ್ತಾನೆ ಎಂಬುದು ಅವರ ಅನುಭವ.

ಇಷ್ಟೊಂದು ಕಟ್ಟುಪಾಡು ಒಂದೇ ದಿನದಲ್ಲಿ ಬಂದದ್ದಲ್ಲ.

ಬೀದಿಯಿಂದ ಬೇಲಿಯೊಳಗೆ

1948ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿ ಕ್ಯಾಮೆರಾನ್ ಆರ್ಗೆಟ್‌ಸಿಂಗರ್ ಎಂಬಾತ ವಾಟ್ಕಿನ್ಸ್ ಗ್ಲೆನ್ನಿನಲ್ಲಿ ಒಂದು ಕಾರು ಓಟ ಏರ್ಪಡಿಸಿದ. ಆಗ ಟ್ರ್ಯಾಕು ಎಂಬುದಿರಲಿಲ್ಲ. ಊರಿನ ಮುಖ್ಯ ಬೀದಿ, ಗುಡ್ಡದ ರಸ್ತೆ, ಕಲ್ಲಿನ ಸೇತುವೆ, ನಡುವೆ ಒಂದು ರೈಲ್ವೆ ಕ್ರಾಸಿಂಗು, ಎಲ್ಲ ಸೇರಿ ಸುಮಾರು ಹತ್ತೂವರೆ ಕಿಲೋಮೀಟರಿನ ಸುತ್ತು. ಓಟ ಮುಗಿಯುವವರೆಗೆ ರೈಲು ನಿಲ್ಲಿಸಲು ಏರ್ಪಾಡಾಗಿತ್ತು. ಜನ ಜಾತ್ರೆಗೆ ಬಂದಂತೆ ಬಂದು ಫುಟ್‌ಪಾತಿನ ಮೇಲೆ ನಿಂತರು. ಮೈಗೆ ಗಾಳಿ ತಾಗುವಷ್ಟು ಹತ್ತಿರದಲ್ಲಿ ಕಾರುಗಳು ಹಾದುಹೋದವು. ಎಲ್ಲರಿಗೂ ಖುಷಿಯೋ ಖುಷಿ. ವರ್ಷ ವರ್ಷ ಜನ ಹೆಚ್ಚಿದರು.

1952ರ ಸೆಪ್ಟೆಂಬರಿನಲ್ಲಿ ಒಂದು ಕಾರು ಬೀದಿಯಂಚಿನ ಜನರಿಗೆ ಸವರಿಕೊಂಡು ಹೋಯಿತು. ಹಲವರಿಗೆ ಗಾಯವಾಯಿತು. ಓಟ ನೋಡಲು ಬಂದಿದ್ದ ಏಳು ವರ್ಷದ ಹುಡುಗನೊಬ್ಬ ಸತ್ತ. ಆ ಹುಡುಗ ಕಾರು ಓಡಿಸುತ್ತಿರಲಿಲ್ಲ, ಯಾರೊಡನೆಯೂ ಪಂಥ ಕಟ್ಟಿರಲಿಲ್ಲ. ಅಲ್ಲಿಗೆ ಊರೊಳಗಿನ ಓಟ ನಿಂತಿತು. ಓಟವನ್ನು ಊರ ಹೊರಗಿನ ಗುಡ್ಡದ ರಸ್ತೆಗಳಿಗೆ ಸಾಗಿಸಿದರು. 1956ರಲ್ಲಿ ಅದಕ್ಕೆಂದೇ ಬೇರೆ ಟ್ರ್ಯಾಕು ಸಿದ್ಧವಾಯಿತು.

ಇದಕ್ಕಿಂತ ಘೋರವಾದದ್ದು 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸಿನಲ್ಲಿ ನಡೆಯಿತು. ಪಿಯೆರ್ ಲೆವೆ ಓಡಿಸುತ್ತಿದ್ದ ಮರ್ಸಿಡಿಸ್ ಕಾರು ಮುಂದಿನ ಕಾರಿಗೆ ತಾಗಿ ಹಾರಿ ಜನಸಂದಣಿಗೆ ನುಗ್ಗಿತು. ಲೆವೆ ಸತ್ತ. ಅವನೊಡನೆ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಅದೇ ಕಾರನ್ನು ಸರದಿಯ ಮೇಲೆ ಓಡಿಸಬೇಕಾಗಿದ್ದವನು ಜಾನ್ ಫಿಚ್ ಎಂಬ ಅಮೆರಿಕನ್. ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸಿದ್ದವನು, ಸಾವನ್ನು ಕಂಡವನು. ತಂಡ ಸ್ಪರ್ಧೆಯಿಂದ ಹಿಂದೆ ಸರಿಯಲೇಬೇಕೆಂದು ಒತ್ತಾಯಿಸಿದವರಲ್ಲಿ ಅವನೂ ಒಬ್ಬ.

ಫಿಚ್ ರೇಸನ್ನು ಶಪಿಸಿ ಮನೆಯಲ್ಲಿ ಕೂರಲಿಲ್ಲ. ಕನೆಕ್ಟಿಕಟ್ ರಾಜ್ಯದಲ್ಲಿ 1957ರಲ್ಲಿ ಆರಂಭವಾದ ಲೈಮ್ ರಾಕ್ ಟ್ರ್ಯಾಕಿನ ರಚನೆಯಲ್ಲಿ ಕೈಜೋಡಿಸಿ, ಅದರ ಮೊದಲ ವ್ಯವಸ್ಥಾಪಕನಾದ. ಮರಳು ತುಂಬಿದ ಪೀಪಾಯಿಗಳನ್ನು ಹೆದ್ದಾರಿಯ ಸೇತುವೆ ಕಂಬಗಳ ಮುಂದೆ ಸಾಲಾಗಿ ಇಡುವ ಉಪಾಯ ಅವನದೇ. ದಾರಿ ತಪ್ಪಿದ ಕಾರು ಕಾಂಕ್ರೀಟಿಗೆ ಬಡಿಯುವ ಬದಲು ಪೀಪಾಯಿಗಳನ್ನು ಒಡೆಯುತ್ತಾ, ಮರಳನ್ನು ಚೆಲ್ಲುತ್ತಾ, ತನ್ನ ಚಲನಶಕ್ತಿಯನ್ನು ಸ್ವಲ್ಪಸ್ವಲ್ಪವಾಗಿ ಕಳೆದುಕೊಂಡು ನಿಲ್ಲುತ್ತದೆ. ಅದನ್ನು ಪರೀಕ್ಷಿಸಲು ಫಿಚ್ ತಾನೇ ಕಾರಿನಲ್ಲಿ ಕೂತು ಪೀಪಾಯಿಗಳಿಗೆ ಗುದ್ದಿದ. ಅಮೆರಿಕದ ಹೆದ್ದಾರಿಗಳಲ್ಲಿ ಇಂದಿಗೂ ಕಾಣುವ ಆ ಹಳದಿ ಪೀಪಾಯಿಗಳಿಗೆ ಅವನದೇ ಹೆಸರು.

ತಪಾಸಣೆಯ ಹೊತ್ತಿನಲ್ಲಿ ಹೆಲ್ಮೆಟಿನೊಳಗೆ ಅಂಟಿಸಿದ ಒಂದು ಚೀಟಿಯನ್ನೂ ನೋಡುತ್ತಾರೆ. ಅದರ ಮೇಲೆ ಸ್ನೆಲ್ ಎಂದಿರಬೇಕು. ಅದು ಕಂಪನಿಯ ಹೆಸರಲ್ಲ. ಪೀಟ್ ಸ್ನೆಲ್ ಹವ್ಯಾಸಿ ಕಾರು ಓಟಗಾರ. 1956ರಲ್ಲಿ ತಲೆಗೆ ಪೆಟ್ಟಾಗಿ ಸತ್ತ. ತೊಟ್ಟಿದ್ದ ಹೆಲ್ಮೆಟು ಅವನನ್ನು ಕಾಯಲಿಲ್ಲ. ಅವನ ಗೆಳೆಯರು ಮತ್ತು ವೈದ್ಯರು ಸೇರಿ 1957ರಲ್ಲಿ ಪ್ರತಿಷ್ಠಾನವೊಂದನ್ನು ಕಟ್ಟಿ, ಹೆಲ್ಮೆಟುಗಳನ್ನು ನಿಜವಾಗಿ ಒಡೆದು ಪರೀಕ್ಷಿಸತೊಡಗಿದರು. ನಿಯಮಪುಸ್ತಕದ ಸಾಲುಗಳು ಓದಲು ನೀರಸ. ಆದರೆ ಅವುಗಳಲ್ಲಿ ಹಲವು ಸಾಲುಗಳ ಹಿಂದೆ ಒಬ್ಬ ಮನುಷ್ಯನಿದ್ದಾನೆ.

ಮಗುಚಿದ ಕಾರು ಎಬ್ಬಿಸಿದ ಪ್ರಶ್ನೆ

1948ರ ಆ ಮೊದಲ ಓಟದಲ್ಲೇ ವಿಲಿಯಂ ಮಿಲಿಕೆನ್ ಎಂಬಾತನ ಬುಗಾಟಿ ಕಾರು ಒಂದು ತಿರುವಿನಲ್ಲಿ ಮಗುಚಿಬಿತ್ತು. ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ. ಆ ತಿರುವಿಗೆ ಮಿಲಿಕೆನ್ ಮೂಲೆ ಎಂದೇ ಹೆಸರಾಯಿತು. ಮಿಲಿಕೆನ್ ವಿಮಾನಗಳ ಎಂಜಿನಿಯರು. ಬೋಯಿಂಗ್ ಕಂಪನಿಯಲ್ಲಿ ವಿಮಾನಗಳ ಹಾರಾಟ ಪರೀಕ್ಷೆ ನಡೆಸಿ, ಬಫೆಲೋ ನಗರದ ಕಾರ್ನೆಲ್ ವೈಮಾನಿಕ ಪ್ರಯೋಗಾಲಯ ಸೇರಿದ್ದವನು. ವಿಮಾನ ಗಾಳಿಯಲ್ಲಿ ಯಾಕೆ ಸ್ಥಿರವಾಗಿರುತ್ತದೆ, ಯಾವಾಗ ಮಾತು ಕೇಳುವುದಿಲ್ಲ ಎಂಬುದಕ್ಕೆ ಆಗಲೇ ಗಣಿತವಿತ್ತು. ಕಾರಿಗೆ ಅಷ್ಟು ಸ್ಪಷ್ಟವಾದ ಗಣಿತವಿರಲಿಲ್ಲ. ಮಿಲಿಕೆನ್ ಮತ್ತು ಸಂಗಡಿಗರು ವಿಮಾನದ ಗಣಿತವನ್ನು ಕಾರಿಗೆ ಒಗ್ಗಿಸಿದರು. 1956ರಲ್ಲಿ ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ತಮ್ಮ ಪ್ರಬಂಧಗಳನ್ನು ಓದಿದರು. ಅವನು ಮಗ ಡಗ್ಲಾಸ್ ಜೊತೆಗೂಡಿ ಬರೆದ ‘ರೇಸ್ ಕಾರ್ ವೆಹಿಕಲ್ ಡೈನಮಿಕ್ಸ್’ 1995ರಲ್ಲಿ ಬಂತು. ಮಿಲಿಕೆನ್ 2012ರಲ್ಲಿ ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು.

ಕಾರು ಮಗುಚಿದರೆ ‘ಗ್ರಹಚಾರ’ ಎನ್ನಬಹುದು, ‘ರಸ್ತೆ ಸರಿಯಿಲ್ಲ’ ಎನ್ನಬಹುದು. ‘ಯಾಕೆ ಮಗುಚಿತು?’ ಎಂದೂ ಕೇಳಬಹುದು. ಗ್ಯಾರೇಜಿನಲ್ಲಿ ಅಳತೆಪಟ್ಟಿ ಹಿಡಿದು ಮಲಗಿರುವ ಹವ್ಯಾಸಿಗಳು ಈ ಮೂರನೆಯ ಪ್ರಶ್ನೆಯ ವಾರಸುದಾರರು.

ನಾಲ್ಕು ಪೋಸ್ಟ್‌ಕಾರ್ಡುಗಳು

1200 ಕಿಲೋಗ್ರಾಂ ತೂಗುವ ಒಂದು ಕಾರನ್ನು ತೆಗೆದುಕೊಳ್ಳಿ. ಒಂದೊಂದು ಚಕ್ರದ ಮೇಲೆ ಸುಮಾರು 300 ಕಿಲೋಗ್ರಾಂ ಭಾರ. ಟೈರಿನ ಗಾಳಿಯ ಒತ್ತಡದಿಂದ ಭಾಗಿಸಿದರೆ, ಒಂದು ಟೈರು ನೆಲವನ್ನು ಮುಟ್ಟುವ ಜಾಗ ಅಂದಾಜು 150 ಚದರ ಸೆಂಟಿಮೀಟರು. ಅಂಚೆ ಕಚೇರಿಯ ಒಂದು ಪೋಸ್ಟ್‌ಕಾರ್ಡಿಗಿಂತ ಚೂರು ದೊಡ್ಡದು. ಓಡುವುದು, ನಿಲ್ಲುವುದು, ತಿರುಗುವುದು, ಎಲ್ಲವೂ ಈ ನಾಲ್ಕು ಪೋಸ್ಟ್‌ಕಾರ್ಡುಗಳ ಮೂಲಕವೇ ಆಗಬೇಕು. ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಪೋಸ್ಟ್‌ಕಾರ್ಡು ಹಿಡಿಯದಿದ್ದರೆ ಅದರ ಬಲವೆಲ್ಲ ಹೊಗೆಯಾಗಿ ಹೋಗುತ್ತದೆ. ಹೊಂದಿಸುವ ಕೆಲಸದ ಬಹುಭಾಗ ಈ ನಾಲ್ಕು ಕಾರ್ಡುಗಳು ನೆಲದ ಮೇಲೆ ಚಪ್ಪಟೆಯಾಗಿ ಕೂರುವಂತೆ ನೋಡಿಕೊಳ್ಳುವುದೇ ಆಗಿದೆ.

ಮೊದಲನೆಯದು ಗಾಳಿ. ಬೆಳಿಗ್ಗೆ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಟೈರಿಗೆ 32 ಪೌಂಡು ಗಾಳಿ ತುಂಬಿದ್ದಾರೆ ಎನ್ನಿ. ಟ್ರ್ಯಾಕಿನಲ್ಲಿ ಕೆಲವು ಸುತ್ತು ಹಾಕುವಷ್ಟರಲ್ಲಿ ಒಳಗಿನ ಗಾಳಿ 70 ಡಿಗ್ರಿಗೆ ಕಾಯುತ್ತದೆ. ಒತ್ತಡ ಎಷ್ಟಾಯಿತು? ವಿದ್ಯಾರ್ಥಿಗಳು ಇಲ್ಲಿ ಎರಡು ಕಡೆ ಎಡವುವುದುಂಟು. ಉಷ್ಣತೆಯನ್ನು ಕೆಲ್ವಿನ್ನಿನಲ್ಲಿ ತೆಗೆದುಕೊಳ್ಳಬೇಕು, ಅಂದರೆ 293ರಿಂದ 343ಕ್ಕೆ. ಇನ್ನು ಮೀಟರು ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಅದಕ್ಕೆ 14.7 ಕೂಡಿಸಬೇಕು. 46.7ನ್ನು 343ರಿಂದ ಗುಣಿಸಿ 293ರಿಂದ ಭಾಗಿಸಿದರೆ 54.7. ಅದರಿಂದ 14.7 ಕಳೆದರೆ 40. ಮೀಟರಿನ ಮುಳ್ಳು ಎಂಟು ಪೌಂಡು ಮೇಲೇರಿದೆ! ಅದಕ್ಕೇ ಟ್ರ್ಯಾಕಿಗೆ ಹೋಗುವವರು ಬಿಸಿಯಾದಾಗ ಎಷ್ಟಿರಬೇಕು ಎಂದು ಮೊದಲು ಗೊತ್ತುಮಾಡಿ, ತಣ್ಣಗಿರುವಾಗ ಅದಕ್ಕೆ ತಕ್ಕಷ್ಟು ಕಡಿಮೆ ತುಂಬುತ್ತಾರೆ. ಸಂಜೆ ಮನೆಗೆ ಹೊರಡುವಾಗ ಮರೆಯದೆ ಮತ್ತೆ ತುಂಬಿಸುತ್ತಾರೆ.

ಎರಡನೆಯದು ಚಕ್ರದ ವಾಲು. ಇದಕ್ಕೆ ಕ್ಯಾಂಬರ್ ಎಂದು ಹೆಸರು. ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ವಾಲುತ್ತದೆ. ಅದರೊಡನೆ ಹೊರಬದಿಯ ಚಕ್ರವೂ ವಾಲಿ, ಟೈರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಪೋಸ್ಟ್‌ಕಾರ್ಡಿನ ಅರ್ಧ ಎದ್ದುಬಿಟ್ಟಿತು. ಇದನ್ನು ತಪ್ಪಿಸಲು ಚಕ್ರದ ಮೇಲ್ತುದಿಯನ್ನು ಮೊದಲೇ ಎರಡು ಮೂರು ಡಿಗ್ರಿ ಒಳಕ್ಕೆ ವಾಲಿಸಿಡುತ್ತಾರೆ. ತಿರುವಿನಲ್ಲಿ ಮೈ ವಾಲಿದಾಗ ಚಕ್ರ ನೆಟ್ಟಗಾಗುತ್ತದೆ. ಎಷ್ಟು ವಾಲಿಸಬೇಕೆಂದು ಹೇಳುವುದು ಟೈರೇ. ಟ್ರ್ಯಾಕಿನಿಂದ ಬಂದ ಕೂಡಲೇ ಸೂಜಿಯಂಥ ಮೊನೆಯಿರುವ ಉಷ್ಣತಾಮಾಪಕವನ್ನು ಟೈರಿನ ರಬ್ಬರಿಗೆ ಚುಚ್ಚಿ ಒಳ ಅಂಚು, ನಡು, ಹೊರ ಅಂಚು ಎಂದು ಮೂರು ಕಡೆ ಓದಿಕೊಳ್ಳುತ್ತಾರೆ. ನಡು ಹೆಚ್ಚು ಬಿಸಿಯಾದರೆ ಗಾಳಿ ಜಾಸ್ತಿ. ಎರಡೂ ಅಂಚು ಬಿಸಿಯಾದರೆ ಗಾಳಿ ಕಡಿಮೆ. ಹೊರ ಅಂಚು ಮಾತ್ರ ಸುಡುತ್ತಿದ್ದರೆ ವಾಲು ಸಾಲದು. ವೈದ್ಯರು ನಾಡಿ ನೋಡುವಂತೆಯೇ ಇದು.

ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿವೆಯೇ ಎಂದು ನೋಡಲು ಬೇಕಾದ ಉಪಕರಣ ಇನ್ನೂ ಸರಳ. ಅದು ದಾರ! ಕಾರಿನ ಎರಡೂ ಪಕ್ಕದಲ್ಲಿ ಚಕ್ರದ ನಡುವಿನ ಎತ್ತರಕ್ಕೆ ಬಿಗಿಯಾಗಿ ದಾರ ಕಟ್ಟಿ, ದಾರದಿಂದ ಚಕ್ರದ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಎಷ್ಟು ಮಿಲಿಮೀಟರು ಎಂದು ಸ್ಕೇಲಿನಲ್ಲಿ ಅಳೆಯುತ್ತಾರೆ. ಗೋಡೆ ಕಟ್ಟುವ ಮೇಸ್ತ್ರಿಯ ನೂಲು, ಜ್ಯಾಮಿತಿ ಪೆಟ್ಟಿಗೆಯ ಸ್ಕೇಲು. ಲಕ್ಷಾಂತರ ಬೆಲೆಯ ಕಾರು ಇವೆರಡಕ್ಕೆ ತಲೆಬಾಗುತ್ತದೆ. ಒಂದು ಮಿಲಿಮೀಟರಿನ ವ್ಯತ್ಯಾಸವೂ ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ.

ಮೂರನೆಯದು ಭಾರದ ಹಂಚಿಕೆ. ನಾಲ್ಕು ಕಾಲಿನ ಸ್ಟೂಲಿನ ಒಂದು ಕಾಲು ಚೂರು ಗಿಡ್ಡವಾದರೆ ಏನಾಗುತ್ತದೆ? ಎದುರುಬದುರು ಮೂಲೆಯ ಎರಡು ಕಾಲುಗಳೇ ಭಾರ ಹೊತ್ತು, ಸ್ಟೂಲು ಕುಲುಕಾಡುತ್ತದೆ. ಕಾರಿನಲ್ಲಿ ಸ್ಪ್ರಿಂಗುಗಳಿರುವುದರಿಂದ ಕುಲುಕಾಟ ಕಾಣುವುದಿಲ್ಲ, ಆದರೆ ದೋಷ ಒಳಗೇ ಇರುತ್ತದೆ. ಅಂಥ ಕಾರು ಎಡತಿರುವಿನಲ್ಲಿ ಒಂದು ಥರ, ಬಲತಿರುವಿನಲ್ಲಿ ಇನ್ನೊಂದು ಥರ ವರ್ತಿಸುತ್ತದೆ. ನಾಲ್ಕು ಚಕ್ರದಡಿ ನಾಲ್ಕು ತಕ್ಕಡಿ ಇಟ್ಟು, ಚಾಲಕನ ಸೀಟಿನಲ್ಲಿ ಅವನಷ್ಟೇ ತೂಕದ ಮರಳಿನ ಚೀಲ ಕೂರಿಸಿ, ಮೂಲೆಯಿಂದ ಮೂಲೆಗೆ ಭಾರ ಸಮವಾಗುವಂತೆ ಸ್ಪ್ರಿಂಗಿನ ಆಸರೆಯನ್ನು ತಿರುಪುತ್ತಾರೆ.

ನಾಲ್ಕನೆಯದು ಮೈ ವಾಲದಂತೆ ತಡೆಯುವ ಉಕ್ಕಿನ ಸರಳು, ಆಂಟಿ-ರೋಲ್ ಬಾರ್. ತಿರುಚುವುದನ್ನು ತಡೆಯುವ ಸರಳಿನ ಬಿಗಿತ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣ. 20 ಮಿಲಿಮೀಟರಿನ ಸರಳಿನ ಜಾಗದಲ್ಲಿ 22 ಮಿಲಿಮೀಟರಿನದು ಹಾಕಿದರೆ ಕಣ್ಣಿಗೆ ಏನೂ ವ್ಯತ್ಯಾಸ ಕಾಣದು, ಬಿಗಿತ ಮಾತ್ರ ಶೇಕಡಾ 46ರಷ್ಟು ಏರಿರುತ್ತದೆ. ಮುಂದಿನ ಸರಳು ಬಿಗಿಯಾದಷ್ಟೂ ತಿರುವಿನಲ್ಲಿ ಮುಂದಿನ ಟೈರುಗಳು ಮೊದಲು ಸೋಲುತ್ತವೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ಹೊರಕ್ಕೇ ಸಾಗುತ್ತದೆ. ಹಿಂದಿನದು ಬಿಗಿಯಾದರೆ ಹಿಂಭಾಗ ಮೊದಲು ಜಾರಿ ಕಾರು ಬುಗುರಿಯಾಗಲು ನೋಡುತ್ತದೆ. ಕಾರ್ಖಾನೆಗಳು ರಸ್ತೆಯ ಕಾರುಗಳನ್ನು ಬೇಕೆಂದೇ ಮುಂದಿನ ಟೈರು ಮೊದಲು ಸೋಲುವಂತೆ ಹೊಂದಿಸಿರುತ್ತವೆ. ಗಾಬರಿಯಾದ ಸಾಮಾನ್ಯ ಚಾಲಕ ಕಾಲು ಎತ್ತುತ್ತಾನೆ, ಸ್ಟಿಯರಿಂಗ್ ಇನ್ನಷ್ಟು ತಿರುಗಿಸುತ್ತಾನೆ. ಆಗ ಕಾರು ನಿಧಾನವಾಗಿ ದಾರಿಗೆ ಬರುತ್ತದೆ. ಈ ಹೊಂದಾಣಿಕೆಯನ್ನು ಬದಲಿಸುವವನು ಕಾರ್ಖಾನೆ ಕೊಟ್ಟ ಒಂದು ಕಾವಲನ್ನು ಕೈಯಾರೆ ತೆಗೆದಂತೆ. ತಿಳಿದವರು ಅದನ್ನು ಅಂಜುತ್ತಲೇ ಮಾಡುತ್ತಾರೆ.

ಕುದಿಯುವ ಬ್ರೇಕು

ಇಷ್ಟೆಲ್ಲ ಹೊಂದಿಸಿದರೂ ಅನುಭವಿಗಳು ಹೊಸಬರಿಗೆ ಮೊದಲು ಹೇಳುವುದು ಎಂಜಿನ್ನಿನ ಬಗ್ಗೆಯಲ್ಲ, ಬ್ರೇಕಿನ ಬಗ್ಗೆ. ಅದೇ 1200 ಕಿಲೋಗ್ರಾಮಿನ ಕಾರು ಗಂಟೆಗೆ 180 ಕಿಲೋಮೀಟರಿನಲ್ಲಿ, ಅಂದರೆ ಸೆಕೆಂಡಿಗೆ 50 ಮೀಟರಿನಲ್ಲಿ ಬರುತ್ತಿದೆ. ಅದರ ಚಲನಶಕ್ತಿ 15 ಲಕ್ಷ ಜೂಲ್. ಮುಂದಿನ ತಿರುವಿಗೆ ಸೆಕೆಂಡಿಗೆ 20 ಮೀಟರಿಗೆ ಇಳಿಯಬೇಕು. ಆಗ ಉಳಿಯುವುದು 2 ಲಕ್ಷ 40 ಸಾವಿರ ಜೂಲ್. ನಡುವಿನ 12 ಲಕ್ಷ 60 ಸಾವಿರ ಜೂಲ್ ಮೂರು ನಾಲ್ಕು ಸೆಕೆಂಡುಗಳಲ್ಲಿ ಬಹುತೇಕ ಬ್ರೇಕಿನ ಶಾಖವಾಗುತ್ತದೆ. ಆ ಶಾಖದಿಂದ ಮೂರು ಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮನೆಯ ಗ್ಯಾಸ್ ಒಲೆಗೆ ಎಷ್ಟು ನಿಮಿಷ ಬೇಕೆಂದು ಅಮ್ಮಂದಿರನ್ನು ಕೇಳಿ ನೋಡಿ. ಟ್ರ್ಯಾಕಿನಲ್ಲಿ ಇದು ಪ್ರತಿ ಸುತ್ತಿನಲ್ಲೂ ಹಲವು ಸಲ.

ಮೆಕ್ಯಾನಿಕ್‌ಗಳು ಬ್ರೇಕ್ ಆಯಿಲ್ ಎನ್ನುವ ದ್ರವ ನಿಜವಾಗಿ ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣ ಅದಕ್ಕಿದೆ, ಮಳೆಗಾಲದಲ್ಲಿ ಉಪ್ಪು ನೀರೊಡೆಯುವಂತೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವ ಕುದಿದರೆ ಆವಿಯ ಗುಳ್ಳೆಗಳು. ದ್ರವವನ್ನು ಒತ್ತಿದರೆ ಅದು ಬಲವನ್ನು ಮುಂದಕ್ಕೆ ದಾಟಿಸುತ್ತದೆ, ಪ್ಯಾಸ್ಕಲನ ನಿಯಮ ಹೇಳುವುದೂ ಅದನ್ನೇ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೆ. ಕಾಲು ನೆಲಕ್ಕೆ ತಾಗುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದಲೇ ಶಿಬಿರಕ್ಕೆ ಬರುವ ಮುನ್ನ ಹೊಸ ದ್ರವ ತುಂಬಿರಬೇಕೆಂಬ ಕಟ್ಟಳೆ. ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ ಬ್ರೇಕು ತಣಿಸುತ್ತಾರೆ. ನಿಲ್ಲಿಸಿದ ಮೇಲೆ ಕಾದ ಬ್ರೇಕಿಗೆ ಹ್ಯಾಂಡ್‌ಬ್ರೇಕು ಹಾಕದೆ ಚಕ್ರಕ್ಕೆ ಅಡ್ಡ ಕಟ್ಟೆ ಇಡುತ್ತಾರೆ.

ಒಂದು ಸಲಕ್ಕೆ ಒಂದೇ

ಟ್ರ್ಯಾಕಿನ ಗ್ಯಾರೇಜುಗಳಲ್ಲಿ ಬಹುತೇಕರ ಕೈಯಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ತಾರೀಖು, ಹವೆ, ತಣ್ಣಗಿದ್ದಾಗ ಗಾಳಿ, ಬಿಸಿಯಾದಾಗ ಗಾಳಿ, ಟೈರಿನ ಮೂರು ಕಡೆಯ ಉಷ್ಣತೆ, ಏನು ಬದಲಿಸಿದ್ದು, ಏನಾಯಿತು. ಅದರಲ್ಲಿ ಪಾಲಿಸುವ ಮುಖ್ಯ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಗಾಳಿ, ವಾಲು, ಸರಳು ಮೂರನ್ನೂ ಒಟ್ಟಿಗೆ ಬದಲಿಸಿದವನ ಕಾರು ಸುಧಾರಿಸಿದರೂ ಅವನಿಗೆ ಏನೂ ತಿಳಿಯಲಿಲ್ಲ, ಯಾವುದರಿಂದ ಸುಧಾರಿಸಿತೆಂದು ಹೇಳಲಾರ. ಒಂದನ್ನೇ ಬದಲಿಸಬೇಕು, ಓಡಿಸಬೇಕು, ಬರೆಯಬೇಕು. ಅನುಮಾನವಿದ್ದರೆ ಮತ್ತೆ ಮೊದಲಿನಂತೆ ಮಾಡಿ, ಹಳೆಯ ಫಲಿತಾಂಶ ಮರಳಿ ಬರುತ್ತದೆಯೇ ನೋಡಬೇಕು. ಬಂದರೆ ಬದಲಾವಣೆಯದೇ ಪರಿಣಾಮ. ಬರದಿದ್ದರೆ ಮೋಡ ಕವಿದು ರಸ್ತೆ ತಣ್ಣಗಾದದ್ದೋ, ಚಾಲಕನ ಕೈ ಪಳಗಿದ್ದೋ ಕಾರಣವಿರಬಹುದು. ಪ್ರಯೋಗಾಲಯದಲ್ಲಿ ಒಂದು ಸುತ್ತಿನ ರೀಡಿಂಗ್ ತೆಗೆದುಕೊಂಡು ಉಳಿದದ್ದನ್ನು ಪಕ್ಕದವನ ರೆಕಾರ್ಡಿನಿಂದ ಇಳಿಸಿಕೊಳ್ಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಇಲ್ಲಿ ಪಕ್ಕದವನ ರೆಕಾರ್ಡು ಇಳಿಸಿಕೊಂಡರೆ ತಿರುವಿನಲ್ಲಿ ಗೊತ್ತಾಗಿಬಿಡುತ್ತದೆ.

ನೋಟ್‌ಬುಕ್ಕು ಕಲಿಸುವ ಇನ್ನೊಂದು ಪಾಠವೆಂದರೆ, ‘ಉತ್ತಮ ಕಾರು’ ಎಂಬುದೇ ಇಲ್ಲ, ‘ಇಲ್ಲಿಗೆ ಉತ್ತಮ’ ಎಂಬುದಿದೆ. ಟ್ರ್ಯಾಕಿಗೆ ಹೇಳಿಮಾಡಿಸಿದ ಬ್ರೇಕ್ ಪ್ಯಾಡು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ. ಊರೊಳಗೆ ಅಡ್ಡಬಂದ ಮಗುವಿನ ಮುಂದೆ ಅದು ನಂಬಿಕೆಗೆ ಅರ್ಹವಲ್ಲ. ಮೂರು ಡಿಗ್ರಿ ವಾಲಿದ ಚಕ್ರ ನೇರ ಹೆದ್ದಾರಿಯಲ್ಲಿ ಟೈರಿನ ಒಳ ಅಂಚನ್ನು ತಿಂದುಹಾಕುತ್ತದೆ. ಬಿಗಿಯಾದ ಸ್ಪ್ರಿಂಗು ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರವನ್ನು ನೆಲದಿಂದ ಎಬ್ಬಿಸುತ್ತದೆ. ಅಂಗಳದಲ್ಲಿ ಗುಣವಾದದ್ದು ಬೀದಿಯಲ್ಲಿ ದೋಷ. ಬಲ್ಲವರು ಸಂಜೆ ಪ್ಯಾಡು ಬದಲಿಸಿ, ಟೈರು ಬದಲಿಸಿ, ಲಾರಿಗಳ ಹಿಂದೆ ಸಾಲಾಗಿ ಮನೆಗೆ ಹೋಗುತ್ತಾರೆ.

ಬೀದಿಯಲ್ಲಿ ತಪ್ಪಿಗೆ ಜಾಗವಿಲ್ಲ

ಕಾರಿಗೆ ಏನೇ ಹೊಂದಿಸಿದರೂ ಬದಲಾಗದ ಒಂದು ಲೆಕ್ಕವಿದೆ. 100 ಮೀಟರು ತ್ರಿಜ್ಯದ ತಿರುವು, ಒಣ ರಸ್ತೆ, ಒಳ್ಳೆಯ ಟೈರು, ಘರ್ಷಣಾಂಕ 1 ಎಂದಿಟ್ಟುಕೊಂಡರೆ ಹೆಚ್ಚೆಂದರೆ ಗಂಟೆಗೆ 113 ಕಿಲೋಮೀಟರು. ಮಳೆ ಬಂದು ಘರ್ಷಣಾಂಕ ಅರ್ಧಕ್ಕಿಳಿದರೆ 80. ಸಮೀಕರಣದಲ್ಲಿ ಕಾರಿನ ತೂಕ ಎರಡೂ ಬದಿಯಲ್ಲಿ ಹೊಡೆದುಹೋಗುತ್ತದೆ, ಬೆಲೆಯಂತೂ ಅದರಲ್ಲಿ ಇಲ್ಲವೇ ಇಲ್ಲ. ವೇಗವನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸಿದರೆ ಬೇಕಾಗುವ ಹಿಡಿತ ಶೇಕಡಾ 21ರಷ್ಟು ಏರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಾಕಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ಟ್ರ್ಯಾಕಿನಲ್ಲಿ ಈ ಗೆರೆಯನ್ನು ದಾಟಿದವನಿಗೆ ಹುಲ್ಲು, ಮರಳು, ಟೈರಿನ ಗೋಡೆ, ಬಾವುಟದವನು, ಕಾಯುತ್ತಿರುವ ಆಂಬ್ಯುಲೆನ್ಸು ಇವೆ. ಬೀದಿಯಲ್ಲಿ ಗೆರೆಯಾಚೆ ಇರುವುದು ವಾಟ್ಕಿನ್ಸ್ ಗ್ಲೆನ್ನಿನ ಆ ಏಳು ವರ್ಷದ ಹುಡುಗನಂಥವರು.

ಬೆಂಗಳೂರಿನ ಮೇಲುಸೇತುವೆಗಳ ಮೇಲೆ, ವಿಮಾನ ನಿಲ್ದಾಣದ ರಸ್ತೆಯಲ್ಲಿ, ರಾತ್ರಿ ಬೈಕಿನ ಮುಂದಿನ ಚಕ್ರ ಎತ್ತಿ ಓಡಿಸುವ ಹುಡುಗರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಸೈಲೆನ್ಸರ್ ಬದಲಿಸುವುದು, ದಪ್ಪ ಟೈರು ಹಾಕಿಸುವುದು ಅವರ ಮಟ್ಟಿಗೆ ‘ಟ್ಯೂನಿಂಗ್’. ಕಾರ್ಖಾನೆಯ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆಯುತ್ತದೆ. ರಸ್ತೆಯಲ್ಲಿ ಪಂಥದ ಓಟ 189ನೆಯ ಕಲಮಿನಡಿ ಶಿಕ್ಷಾರ್ಹ. ಕಾಯ್ದೆ ಇರಲಿ, ವೇಗದ ಆಸೆ ಮಾತ್ರ ಬೈಗುಳದಿಂದ ಹೋಗುವಂಥದ್ದಲ್ಲ. ಫಿಚ್ಚನಿಗೂ ಮಿಲಿಕೆನ್ನನಿಗೂ ಆ ಆಸೆ ಕೊನೆಯವರೆಗೂ ಇತ್ತು. ಅವರು ಅದಕ್ಕೊಂದು ಜಾಗ ಹುಡುಕಿದರು, ಒಂದು ಪ್ರಶ್ನೆ ಕೇಳಿದರು.

ಜಾಗ ದಕ್ಷಿಣ ಭಾರತದಲ್ಲೂ ಇದೆ. ಚೆನ್ನೈ ಸಮೀಪ ಇರುಂಗಾಟ್ಟುಕೋಟ್ಟೈಯಲ್ಲಿ 1990ರಿಂದ ಸುಮಾರು 3.7 ಕಿಲೋಮೀಟರಿನ ಟ್ರ್ಯಾಕಿದೆ. ಬೈಕು, ಕಾರುಗಳಿಗೆ ತರಬೇತಿಯ ದಿನಗಳು ನಡೆಯುತ್ತವೆ, ಬೆಂಗಳೂರಿನಿಂದ ಹೋಗುವವರೂ ಇದ್ದಾರೆ. ಎಲ್ಲರಿಗೂ ಅಷ್ಟು ದೂರ, ಅಷ್ಟು ಖರ್ಚು ಆಗುವ ಮಾತಲ್ಲ. ಪ್ರಶ್ನೆ ಕೇಳಲು ಮಾತ್ರ ಖರ್ಚಿಲ್ಲ. ಬೈಕು ಬೇಕೆಂದು ಹಟ ಹಿಡಿದ ಮಗನಿಗೆ ತಂದೆ ‘ಬೇಡ’ ಎನ್ನುವ ಮೊದಲು, ಮನೆಯ ಸ್ಕೂಟರನ್ನೇ ಮುಂದಿಟ್ಟು ಒಂದು ನೋಟ್‌ಬುಕ್ ಕೊಟ್ಟು ನೋಡಬಹುದು. ಬೆಳಿಗ್ಗೆ ತಣ್ಣಗಿದ್ದಾಗ ಟೈರಿನಲ್ಲಿ ಎಷ್ಟು ಗಾಳಿ, ಪೇಟೆಗೆ ಹೋಗಿ ಬಂದ ಕೂಡಲೇ ಎಷ್ಟು? ಲೆಕ್ಕದಂತೆ ಎಷ್ಟಿರಬೇಕಾಗಿತ್ತು? ಟೈರು ನಡುವೆ ಸವೆದಿದೆಯೋ ಅಂಚಿನಲ್ಲೋ? ಖಾಲಿ ಮೈದಾನದಲ್ಲಿ, ಹೆಲ್ಮೆಟ್ ತೊಟ್ಟು, ಲೈಸೆನ್ಸ್ ಇರುವ ಹಿರಿಯರೇ ಗಂಟೆಗೆ 15 ಕಿಲೋಮೀಟರಿನಿಂದ ಬ್ರೇಕು ಹಾಕಿದರೆ ಎಷ್ಟು ಹೆಜ್ಜೆಗೆ ನಿಲ್ಲುತ್ತದೆ, 30ರಿಂದ ಎಷ್ಟು? ಹುಡುಗ ನಿಂತು ಅಳೆಯಲಿ, ಬರೆದುಕೊಳ್ಳಲಿ. ನಾಲ್ಕು ಪಟ್ಟು ಎಂಬುದನ್ನು ಪುಸ್ತಕದಲ್ಲಿ ಓದಿದವನಿಗೂ, ಸ್ವಂತ ಹೆಜ್ಜೆಯಲ್ಲಿ ಅಳೆದವನಿಗೂ ವ್ಯತ್ಯಾಸವಿದೆ. ಲೈಸೆನ್ಸ್ ಬಂದು ಅವನೇ ಬೈಕು ಹತ್ತುವ ದಿನ ಆ ನೋಟ್‌ಬುಕ್ಕು ತಂದೆಯ ಬೈಗುಳಕ್ಕಿಂತ ಹೆಚ್ಚು ದೂರ ಅವನ ಜೊತೆ ಹೋಗುತ್ತದೆ.